ಸಯಾಟಿಕಾಗೆ ಬೆನ್ನಿನಲ್ಲಿ ಕೊಟ್ಟ ಸ್ಟೀರಾಯ್ಡ್‌ನಿಂದ ಸಕ್ಕರೆ ಏರುವುದೇಕೆ?

ಪ್ರಶ್ನೆ:
ನನ್ನ ತಾಯಿಗೆ 64 ವರ್ಷ. ಸಕ್ಕರೆ ಕಾಯಿಲೆಗೆ ಹತ್ತು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಸೊಂಟದಿಂದ ಹಿಮ್ಮಡಿಯವರೆಗೆ ಸೆಳೆಯುವ ನೋವಿಗೆಂದು (ಸಯಾಟಿಕಾ) ಸೋಮವಾರ 80 ಮಿ.ಗ್ರಾಂ. ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಅನ್ನು ಎಪಿಡ್ಯೂರಲ್ ಇಂಜೆಕ್ಷನ್ (ಬೆನ್ನುಹುರಿಯ ಹೊದಿಕೆಯ ಹೊರಭಾಗಕ್ಕೆ ಕೊಡುವ ಚುಚ್ಚುಮದ್ದು) ಮೂಲಕ ಕೊಟ್ಟರು. ಔಷಧವು ನರದ ಬುಡದಲ್ಲೇ ಉಳಿಯುತ್ತದೆ ಎಂದಿದ್ದರು. ಆದರೆ ಸಾಮಾನ್ಯವಾಗಿ 180ರ ಆಸುಪಾಸಿನಲ್ಲಿರುವ ಊಟದ ನಂತರದ ಸಕ್ಕರೆ, ಮರುದಿನ 310 ತೋರಿಸಿತು. ಎರಡು ವಾರ ಬಿಟ್ಟು ಇನ್ನೊಂದು ಇಂಜೆಕ್ಷನ್ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ 1 (ನಿವೃತ್ತ ವೈದ್ಯ):
ನರದ ಬುಡದಲ್ಲಿಟ್ಟ ಔಷಧ ಅಲ್ಲೇ ಕೂರುವುದಿಲ್ಲ. ನಿಧಾನವಾಗಿ ಕರಗಿ ರಕ್ತಕ್ಕೆ ಸೇರುತ್ತದೆ. 80 ಮಿ.ಗ್ರಾಂ. ಎಂದರೆ ಮಾತ್ರೆಯಾಗಿ ಕೊಡುವ ಸ್ಟೀರಾಯ್ಡ್ ಆದ ಪ್ರೆಡ್ನಿಸೋಲೋನ್‌ನ 100 ಮಿ.ಗ್ರಾಂ.ಗೆ ಸಮ. ಅದು ಯಕೃತ್ತಿನಿಂದ ಗ್ಲೂಕೋಸ್ ಹೊರಬರುವುದನ್ನು ಹೆಚ್ಚಿಸಿ, ಸ್ನಾಯುಗಳು ಇನ್ಸುಲಿನ್‌ಗೆ ಸ್ಪಂದಿಸುವುದನ್ನು ಕುಗ್ಗಿಸುತ್ತದೆ. ಈ ಏರಿಕೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ದಿನಕ್ಕೆ ಮೂರು ನಾಲ್ಕು ಬಾರಿ ಪರೀಕ್ಷಿಸಿ. ಮಾತ್ರೆಯ ಪ್ರಮಾಣವನ್ನು ನೀವೇ ಬದಲಿಸದೆ ವೈದ್ಯರಿಗೆ ಅಂಕಿಗಳನ್ನು ತೋರಿಸಿ.

ನನಗೆ ಹೆಚ್ಚು ಚಿಂತೆಯಿರುವುದು ಗ್ಲೂಕೋಮೀಟರ್‌ಗೆ ಕಾಣದ ಇನ್ನೊಂದು ಪರಿಣಾಮದ ಬಗ್ಗೆ. ಹೊರಗಿನ ಸ್ಟೀರಾಯ್ಡ್ ಇರುವಷ್ಟು ಕಾಲ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ಕಳಿಸುವುದನ್ನು ಕಡಿಮೆ ಮಾಡುವುದರಿಂದ ದೇಹದ ಸ್ವಂತ ಸ್ಟೀರಾಯ್ಡ್ ಆದ, ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆಯ ಒತ್ತಡ ತಾಳಲು ಬೇಕಾದ ಕಾರ್ಟಿಸಾಲ್ ಕುಸಿಯುತ್ತದೆ. ಬೆನ್ನುಹುರಿಯ ನಾಳ ಕಿರಿದಾಗಿದ್ದ 400 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ರೋಗಿಗಳಲ್ಲಿ, ಸ್ಟೀರಾಯ್ಡ್ ಪಡೆದ ಸುಮಾರು ಐವರಲ್ಲಿ ಒಬ್ಬರಿಗೆ ಮೂರು ವಾರಗಳ ನಂತರವೂ ಕಾರ್ಟಿಸಾಲ್ ಮೊದಲಿದ್ದುದರ ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿತ್ತು. ಹೀಗಿರುವಾಗ ಎರಡೇ ವಾರಕ್ಕೆ ಮತ್ತೊಂದು ಡೋಸ್ ಏಕೆ ಬೇಕೆಂದು ಕೇಳಲೇಬೇಕು. ಈ ಅವಧಿಯಲ್ಲಿ ತೀವ್ರ ಸುಸ್ತು, ವಾಂತಿ, ತಲೆಸುತ್ತು ಕಂಡರೆ ತಡಮಾಡಬೇಡಿ. ಶಸ್ತ್ರಚಿಕಿತ್ಸೆಯೇನಾದರೂ ಬಂದರೆ ಅರಿವಳಿಕೆ ತಜ್ಞರಿಗೆ ಈ ಇಂಜೆಕ್ಷನ್ ವಿಷಯ ತಿಳಿಸಿ.

ಉತ್ತರ 2:
ನನಗೆ ಸಕ್ಕರೆ ಕಾಯಿಲೆ ಇಲ್ಲ. ಆದರೂ ಇಂಜೆಕ್ಷನ್ ಆದ ಮೇಲೆ ಮುಖ ಕೆಂಪೇರಿ ಎರಡು ರಾತ್ರಿ ನಿದ್ದೆ ಬರಲಿಲ್ಲ, ಮುಟ್ಟು ಹತ್ತು ದಿನ ಮುಂಚೆ ಬಂತು. ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ. ಕಾಲಿನ ಸೆಳೆತವಂತೂ ಒಂದು ತಿಂಗಳು ಕಡಿಮೆಯಿತ್ತು.

ಉತ್ತರ 3 (ಔಷಧಶಾಸ್ತ್ರದ ಅಧ್ಯಾಪಕಿ):
ತಾಯಿಯವರು ಇಟ್ರಾಕೊನಝೋಲ್‌ನಂತಹ ಶಿಲೀಂಧ್ರನಾಶಕ ಮಾತ್ರೆ ನುಂಗುತ್ತಿದ್ದಾರೆಯೇ? ಅದು ಮೀಥೈಲ್‌ಪ್ರೆಡ್ನಿಸೋಲೋನ್ ವಿಭಜನೆಯನ್ನು ತಡೆಯುವುದರಿಂದ ಒಂದೇ ಇಂಜೆಕ್ಷನ್‌ನ ಪರಿಣಾಮವೂ ಹೆಚ್ಚು ಕಾಲ ಉಳಿಯಬಹುದು. ಗಜಕರ್ಣಕ್ಕೆಂದು ಅದನ್ನು ಕೊಡುವುದು ನಮ್ಮಲ್ಲಿ ಸಾಮಾನ್ಯ. ಮೂಳೆ ವೈದ್ಯರಿಗೆ ಅದನ್ನು ಹೇಳುವವರು ಕಡಿಮೆ.

ಪ್ರಶ್ನೆ ಕೇಳಿದವರು:
ಆ ಮಾತ್ರೆ ಇಲ್ಲ. ಐದನೆಯ ದಿನವಾದ ಇಂದು ಸಕ್ಕರೆ 196. ನೋವು ಅರ್ಧಕ್ಕರ್ಧ ಇಳಿದಿರುವುದರಿಂದ ಎರಡನೆಯ ಇಂಜೆಕ್ಷನ್ ಮುಂದೂಡಲು ವೈದ್ಯರೂ ಒಪ್ಪಿದ್ದಾರೆ.