ಮನೆಯಲ್ಲಿ ಓಡುವ ಮ್ಯಾಕ್ರೋ ಸಂಘದ ಕಂಪ್ಯೂಟರ್‌ನಲ್ಲಿ ‘ಫಾರ್ಮ್ಯಾಟ್’ ಹತ್ತಿರ ನಿಲ್ಲುತ್ತಿದೆ, ದಯವಿಟ್ಟು ಸಹಾಯ ಮಾಡಿ

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ನಾನು ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ಸಾಲದ ಕಂತು ಬಾಕಿ ಇರುವ ಸದಸ್ಯರಿಗೆ ಪತ್ರ ಕಳಿಸಲು ಎಕ್ಸೆಲ್‌ನಲ್ಲಿ ಮ್ಯಾಕ್ರೋ (ಕೆಲಸವನ್ನು ತಾನೇ ಮಾಡುವ ಸಣ್ಣ ಪ್ರೋಗ್ರಾಂ) ಬರೆದಿದ್ದೇನೆ. ಶೀಟಿನಿಂದ ಹೆಸರು, ಖಾತೆ ನಂಬರು, ಬಾಕಿ ಮೊತ್ತ ತೆಗೆದು ವರ್ಡ್ ನಮೂನೆಯಲ್ಲಿ ತುಂಬಿ, ಒಬ್ಬೊಬ್ಬರದ್ದೂ ಪಿಡಿಎಫ್ ಮಾಡುತ್ತದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಆಫೀಸ್ 2021 ಇದೆ, ಅಲ್ಲಿ ಸರಾಗ. ಸಂಘದಲ್ಲಿರುವುದು ಆಫೀಸ್ 2013. ಅಲ್ಲಿ ‘ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ’ ಅಂತ ಬಂದು ‘ಫಾರ್ಮ್ಯಾಟ್’ ಎಂಬ ಪದದ ಮೇಲೆ ನಿಂತುಬಿಡುತ್ತದೆ. ಆ ಸಾಲನ್ನೇ ತೆಗೆದೆ. ಆಮೇಲೆ ‘ಟ್ರಿಮ್’ ಮೇಲೆ ನಿಂತಿತು. ಎರಡೂ ಎಕ್ಸೆಲ್‌ನಲ್ಲಿ ಮೊದಲಿಂದ ಇರುವಂಥವೇ ಅಲ್ಲವೇ? ಎರಡು ಸಂಜೆ ಇದರಲ್ಲೇ ಹೋಯಿತು.

ಮ್ಯಾಕ್ರೋ ಮೇಷ್ಟ್ರು:
ಮೇಡಂ, ತೆಗೆದ ಸಾಲನ್ನು ಮೊದಲು ವಾಪಸ್ ಹಾಕಿ. ಅದರದ್ದೇನೂ ತಪ್ಪಿಲ್ಲ. ಮ್ಯಾಕ್ರೋ ಬಳಸುವ ಲೈಬ್ರರಿಗಳ, ಅಂದರೆ ಸಿದ್ಧ ಆಜ್ಞೆಗಳ ಕಟ್ಟುಗಳ, ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಸಿಗದಿದ್ದರೂ ಸಾಕು, ಅದಕ್ಕೆ ಸಂಬಂಧವೇ ಇಲ್ಲದ ‘ಫಾರ್ಮ್ಯಾಟ್’, ‘ಟ್ರಿಮ್’, ‘ಡೇಟ್’, ‘ಲೆಫ್ಟ್’ ಥರದ ಹೆಸರುಗಳೂ ಎಲ್ಲಿಯವು ಎಂದು ಗೊತ್ತಾಗದೆ ಕಂಪೈಲರ್ (ಬರೆದದ್ದನ್ನು ಕಂಪ್ಯೂಟರ್ ಭಾಷೆಗೆ ತಿರುಗಿಸುವ ಭಾಗ) ನಿಂತುಬಿಡುತ್ತದೆ. ಹಾಗಾಗಿ ಬಣ್ಣ ಬಿದ್ದ ಪದವನ್ನು ನೋಡಬೇಡಿ, ಪಟ್ಟಿಯನ್ನು ನೋಡಿ.

ಸಂಘದ ಕಂಪ್ಯೂಟರ್‌ನಲ್ಲಿ ಆಲ್ಟ್ ಮತ್ತು ಎಫ್11 ಒತ್ತಿ, ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆಯಿರಿ. ಅದು ಮಸುಕಾಗಿದ್ದರೆ ಮ್ಯಾಕ್ರೋ ಅರ್ಧಕ್ಕೆ ನಿಂತಿದೆ ಎಂದರ್ಥ. ರೀಸೆಟ್ ಒತ್ತಿ, ಮತ್ತೆ ತೆರೆಯಿರಿ. ಟಿಕ್ ಇರುವ ಸಾಲುಗಳಲ್ಲಿ ಯಾವುದರ ಮುಂದೆ ‘ಮಿಸ್ಸಿಂಗ್’ ಅಂತ ಇದೆ, ಇಲ್ಲಿ ಬರೆಯಿರಿ.

ಅಡಿಕೆತೋಟ:
ಸಿಕ್ಕಿತು ಸರ್! ‘ಮಿಸ್ಸಿಂಗ್: ಮೈಕ್ರೋಸಾಫ್ಟ್ ವರ್ಡ್ 16.0 ಆಬ್ಜೆಕ್ಟ್ ಲೈಬ್ರರಿ’. ಅದರ ಟಿಕ್ ತೆಗೆದು, ಕೆಳಗಿದ್ದ 15.0ಕ್ಕೆ ಹಾಕಿದೆ. ಓಡಿತು. ಆದರೆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ದು ಎರಡು ಹೆಸರು ಸೇರಿಸಿ ತಂದೆ, ಇವತ್ತು ಬೆಳಿಗ್ಗೆ ಮತ್ತೆ ಅದೇ ಎರರ್.

ಮ್ಯಾಕ್ರೋ ಮೇಷ್ಟ್ರು:
ಹಾಗೇ ಆಗಬೇಕು. ಆಫೀಸ್ 2013ರ ಲೈಬ್ರರಿ ನಂಬರು 15.0. 2016, 2019, 2021 ಮೂರಕ್ಕೂ 16.0. ಹಳೆಯದರಲ್ಲಿ ಉಳಿಸಿದ ಫೈಲನ್ನು ಹೊಸದರಲ್ಲಿ ತೆರೆದರೆ 15.0 ತಾನೇ 16.0 ಆಗುತ್ತದೆ. ಹೊಸದರಲ್ಲಿ ಉಳಿಸಿದ್ದನ್ನು ಹಳೆಯದರಲ್ಲಿ ತೆರೆದರೆ ಕೆಳಗಿಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಒಮ್ಮೆ ಸೇವ್ ಆದರೆ ಸಂಘದಲ್ಲಿ ಮಿಸ್ಸಿಂಗ್ ಖಚಿತ. ‘ವಿಬಿಎ ಡಾಟ್ ಟ್ರಿಮ್’ ಅಂತ ಪದದ ಮೊದಲು ಮ್ಯಾಕ್ರೋ ಭಾಷೆಯಾದ ವಿಬಿಎ ಹೆಸರು ಸೇರಿಸಿ ದಾಟಿಸುವವರಿದ್ದಾರೆ. ಅದು ಬರೀ ತೇಪೆ, ನಾನಂತೂ ಹೇಳುವುದಿಲ್ಲ.

ಆ ಟಿಕ್ಕೇ ಬೇಡದ ಹಾಗೆ ಬರೆಯಿರಿ. ‘ಆ್ಯಸ್ ವರ್ಡ್ ಡಾಟ್ ಅಪ್ಲಿಕೇಶನ್’, ‘ಆ್ಯಸ್ ವರ್ಡ್ ಡಾಟ್ ಡಾಕ್ಯುಮೆಂಟ್’ ಎಂದಿರುವಲ್ಲೆಲ್ಲ ‘ಆ್ಯಸ್ ಆಬ್ಜೆಕ್ಟ್’ ಮಾಡಿ. ‘ನ್ಯೂ’ ಬಳಸಿದ ಕಡೆ ‘ಕ್ರಿಯೇಟ್ ಆಬ್ಜೆಕ್ಟ್’ ಬರೆದು, ಆವರಣದಲ್ಲಿ ಉದ್ಧರಣ ಚಿಹ್ನೆಯೊಳಗೆ ‘ವರ್ಡ್ ಡಾಟ್ ಅಪ್ಲಿಕೇಶನ್’ ಕೊಡಿ. ಆಗ ಆ ಕಂಪ್ಯೂಟರ್‌ನಲ್ಲಿ ಯಾವ ವರ್ಡ್ ಇದೆಯೋ ಅದೇ ತೆರೆದುಕೊಳ್ಳುತ್ತದೆ. ಇದನ್ನೇ ಲೇಟ್ ಬೈಂಡಿಂಗ್ ಅನ್ನುವುದು. ಬರೆಯುವಾಗ ಚುಕ್ಕಿ ಇಟ್ಟ ಕೂಡಲೇ ಬರುತ್ತಿದ್ದ ಆಜ್ಞೆಗಳ ಪಟ್ಟಿ ಬರುವುದಿಲ್ಲ, ಅಷ್ಟೇ ನಷ್ಟ. ಎಲ್ಲ ಬದಲಾದ ಮೇಲೆ ಟಿಕ್ ತೆಗೆದು ಉಳಿಸಿ.

ಅಡಿಕೆತೋಟ:
ಮಾಡಿದೆ ಸರ್. ಎರರ್ ಈಗ ಎರಡೂ ಕಡೆ ಇಲ್ಲ. ಆದರೆ ಪಿಡಿಎಫ್ ತೆರೆದರೆ ‘ಫೈಲ್ ಹಾಳಾಗಿದೆ’ ಅನ್ನುತ್ತದೆ. ಒಂದನ್ನು ವರ್ಡ್‌ನಲ್ಲೇ ತೆರೆದು ನೋಡಿದೆ. ಪತ್ರ ಬಂತು, ಸದಸ್ಯರ ಹೆಸರಿನ ಜಾಗದಲ್ಲಿ ಮಾತ್ರ ನಮೂನೆಯಲ್ಲಿದ್ದ ‘##ಹೆಸರು##’ ಹಾಗೇ ಉಳಿದಿದೆ. ನಲವತ್ತು ಪತ್ರವೂ ಹೀಗೇ.

ಮ್ಯಾಕ್ರೋ ಮೇಷ್ಟ್ರು:
ತಪ್ಪು ನನ್ನದು, ಇದನ್ನು ಮೊದಲೇ ಹೇಳಬೇಕಿತ್ತು. ‘ಪಿಡಿಎಫ್ ಆಗಿ ಉಳಿಸು’ ಎನ್ನುವ ‘ಡಬ್ಲ್ಯುಡಿ ಫಾರ್ಮ್ಯಾಟ್ ಪಿಡಿಎಫ್’ ಎಂಬ ಹೆಸರಿನ ಬೆಲೆ 17. ಆ ಬೆಲೆ ಗೊತ್ತಿರುವುದು ವರ್ಡ್ ಲೈಬ್ರರಿಗೆ. ಟಿಕ್ ತೆಗೆದ ಮೇಲೆ ಎಕ್ಸೆಲ್‌ಗೆ ಅದೊಂದು ಖಾಲಿ ವೇರಿಯಬಲ್, ಅಂದರೆ ಬೆಲೆ ಇಲ್ಲದ ಹೆಸರು. 17 ಹೋಗಬೇಕಾದ ಕಡೆ ಏನೂ ಹೋಗಿಲ್ಲ, ಹಾಗಾಗಿ ಹೆಸರು ಪಿಡಿಎಫ್, ಒಳಗಿರುವುದು ವರ್ಡ್ ಫೈಲ್. ‘ಸಿಕ್ಕಿದ್ದನ್ನೆಲ್ಲ ಬದಲಿಸು’ ಎನ್ನುವ ‘ಡಬ್ಲ್ಯುಡಿ ರಿಪ್ಲೇಸ್ ಆಲ್’ಗೂ ಇದೇ ಗತಿ. ಅದರ ಬೆಲೆ 2. ಖಾಲಿ ಹೋದರೆ 0 ಆಗುತ್ತದೆ, 0 ಅಂದರೆ ‘ಏನನ್ನೂ ಬದಲಿಸಬೇಡ’. ಎರರ್ ಬಾರದೆ ತಪ್ಪು ಕೆಲಸ ನಡೆಯುವುದು ಎರರ್‌ಗಿಂತ ಅಪಾಯ. ಪತ್ರಗಳು ಅಂಚೆಗೆ ಹೋಗುವ ಮೊದಲೇ ನೀವು ತೆರೆದು ನೋಡಿದ್ದು ಒಳ್ಳೆಯದಾಯಿತು.

ಮಾಡ್ಯೂಲಿನ (ಮ್ಯಾಕ್ರೋ ಬರೆದಿರುವ ಪುಟದ) ಮೊದಲ ಸಾಲಿನಲ್ಲಿ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಬರೆದು, ಡೀಬಗ್ ಮೆನುವಿನಲ್ಲಿ ಕಂಪೈಲ್ ಒತ್ತಿ. ಇಂಥ ಪ್ರತಿಯೊಂದು ಹೆಸರಿನ ಮೇಲೂ ‘ವೇರಿಯಬಲ್ ನಾಟ್ ಡಿಫೈನ್ಡ್’ ಅಂತ ನಿಲ್ಲುತ್ತದೆ. ಒಂದೊಂದನ್ನೂ ‘ಕಾನ್‌ಸ್ಟ್’ (ಬದಲಾಗದ ಬೆಲೆ) ಎಂದು ಮೇಲೆ ಘೋಷಿಸಿ, ಬೆಲೆ ಕೊಡುತ್ತಾ ಹೋಗಿ. ಬೆಲೆ ತಿಳಿಯಲು, ಹೊಸದೊಂದು ಖಾಲಿ ಫೈಲಿನಲ್ಲಿ ವರ್ಡ್ ಲೈಬ್ರರಿಗೆ ಟಿಕ್ ಹಾಕಿ, ಇಮಿಡಿಯೆಟ್ ವಿಂಡೋದಲ್ಲಿ ಮೊದಲು ಪ್ರಶ್ನಾರ್ಥಕ ಚಿಹ್ನೆ, ಅದರ ಬಳಿಕ ಹೆಸರು ಬರೆದು ಎಂಟರ್ ಒತ್ತಿ.

ಹಳೇ ಲೆಡ್ಜರ್:
ನಡುವೆ ಬಂದೆ, ಕ್ಷಮಿಸಿ. ನನ್ನ ಫಾರ್ಮ್‌ನಲ್ಲಿ ದಿನಾಂಕ ಆರಿಸುವ ಕ್ಯಾಲೆಂಡರ್ ಇದೆ. ಹೊಸ ಕಂಪ್ಯೂಟರ್‌ನಲ್ಲಿ ‘ವಿಂಡೋಸ್ ಕಾಮನ್ ಕಂಟ್ರೋಲ್ಸ್-2’ ಮಿಸ್ಸಿಂಗ್. ಇದಕ್ಕೂ ಇದೇ ಮದ್ದೇ?

ಮ್ಯಾಕ್ರೋ ಮೇಷ್ಟ್ರು:
ಇಲ್ಲ ಸರ್, ಅದು ಬೇರೆ ಕಾಯಿಲೆ. ಆ ಕ್ಯಾಲೆಂಡರ್ 32 ಬಿಟ್‌ನದು. ಆಫೀಸ್ 2019ರಿಂದ ಬೇರೆ ಹೇಳದಿದ್ದರೆ 64 ಬಿಟ್ ಆಫೀಸೇ ಇನ್‌ಸ್ಟಾಲ್ ಆಗುತ್ತದೆ, ಅದರಲ್ಲಿ ಇದು ಕೆಲಸ ಮಾಡುವುದಿಲ್ಲ. ಯಾವುದೋ ಸೈಟಿನಿಂದ ಆ ಕ್ಯಾಲೆಂಡರ್ ಇರುವ ಓಸಿಎಕ್ಸ್ ಫೈಲ್ ಇಳಿಸಿಕೊಳ್ಳಲು ಹೋಗಬೇಡಿ. ಕ್ಯಾಲೆಂಡರ್ ತೆಗೆದು ದಿನ, ತಿಂಗಳು, ವರ್ಷಕ್ಕೆ ಮೂರು ಕಾಂಬೋ ಬಾಕ್ಸ್ (ಆಯ್ಕೆಪಟ್ಟಿ) ಇಡಿ, ‘ಡೇಟ್‌ಸೀರಿಯಲ್’ ಎಂಬ ಆಜ್ಞೆಯಿಂದ ಒಂದು ದಿನಾಂಕವಾಗಿ ಜೋಡಿಸಿ. ದಿನ ತಿಂಗಳು ಅದಲುಬದಲಾಗುವ ಕಾಟವೂ ತಪ್ಪುತ್ತದೆ.

ಅಡಿಕೆತೋಟ:
ಸರ್, ಕಂಪೈಲ್ ಒತ್ತಿದಾಗ ಇನ್ನೂ ಒಂದು ಸಿಕ್ಕಿತು, ‘ಡಬ್ಲ್ಯುಡಿ ಫೈಂಡ್ ಕಂಟಿನ್ಯೂ’. ಬೆಲೆ 1. ಮೂರನ್ನೂ ಮೇಲೆ ಬರೆದೆ. ಮನೆಯಲ್ಲಿ ಸೇವ್ ಮಾಡಿ ಸಂಘದಲ್ಲಿ ತೆರೆದೆ, ಅಲ್ಲಿ ಸೇವ್ ಮಾಡಿ ಮತ್ತೆ ಮನೆಯಲ್ಲಿ ತೆರೆದೆ. ಎಲ್ಲೂ ನಿಲ್ಲಲಿಲ್ಲ. ನಲವತ್ತು ಪತ್ರವನ್ನೂ ಒಂದೊಂದಾಗಿ ತೆರೆದು ಹೆಸರು, ಮೊತ್ತ ತಾಳೆ ನೋಡಿದೆ. ಸರಿ ಇವೆ. ನಾಳೆ ಅಂಚೆಗೆ ಹಾಕುತ್ತೇವೆ. ತುಂಬಾ ಉಪಕಾರವಾಯಿತು ಸರ್.