ವಾರಂಟಿ ಕ್ಲೇಮು ‘ಸಹಜ ಸವೆತ’ ಎಂದು ತಿರಸ್ಕೃತವಾಗಿದೆ: ಅನುಭವವಿದ್ದವರು ತಿಳಿಸಿ

ಕೇಳಿದವರು:
ನನ್ನ ಕಾರಿನ ಟೈಮಿಂಗ್ ಚೈನು (ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಸಮಯಕ್ಕೆ ತೆರೆದು ಮುಚ್ಚಿಸುವ ಸರಪಳಿ) 72,000 ಕಿಲೋಮೀಟರಿಗೇ ಹಲ್ಲು ಜಾರಿ ವಾಲ್ವುಗಳು ಬಾಗಿವೆ. ಇದು ಸಹಜ ಸವೆತವೆಂದು ವಿಮಾ ಕಂಪನಿಯು ಮೆಕ್ಯಾನಿಕಲ್ ವಾರಂಟಿಯ ಕ್ಲೇಮನ್ನು ತಳ್ಳಿಹಾಕಿದೆ. ಇಂತಹ ನಿರ್ಧಾರವನ್ನು ಪ್ರಶ್ನಿಸಿದವರು ದಯವಿಟ್ಟು ತಿಳಿಸಿ.

ಮೊದಲ ಸದಸ್ಯರು:
ನಾನು ಗೆದ್ದೆ, ಆದರೆ 47 ದಿನ ಕಾರಿಲ್ಲದೆ ಕಳೆದೆ. ನನ್ನದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು. ಎಂಜಿನ್ ಬಿಸಿಯಾದ ಮೇಲೂ ನಾನು ಕಾರು ಓಡಿಸಿದೆನೆಂಬುದು ಕಂಪನಿಯ ಆರೋಪವಾಗಿತ್ತು. ಪಾಲಿಸಿಯ ಯಾವ ಷರತ್ತಿನಡಿ ನಿರಾಕರಿಸಿದ್ದೀರಿ ಎಂದು ಲಿಖಿತವಾಗಿ ಕೇಳಿದರೆ 19 ದಿನ ಉತ್ತರವಿಲ್ಲ. ಕೊನೆಗೆ ಸ್ವತಂತ್ರ ಎಂಜಿನಿಯರರೊಬ್ಬರನ್ನು ನನ್ನ ಖರ್ಚಿನಲ್ಲೇ ಕರೆಸಿದೆ. ಅವರು ಬಿಚ್ಚಿದ ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿಯನ್ನಿಟ್ಟು, ಅದರಡಿಯಲ್ಲಿ ಸಂದಿಯನ್ನು ಅಳೆಯುವ ಫೀಲರ್ ಗೇಜಿನ ತೆಳುವಾದ ಎಲೆಯನ್ನು ತೂರಿಸಲು ಉದ್ದಕ್ಕೂ ಅಡ್ಡಕ್ಕೂ ಪ್ರಯತ್ನಿಸಿದರು, ಎಲ್ಲಿಯೂ ತೂರಲಿಲ್ಲ. ಬಿಸಿಯಾದ ಎಂಜಿನ್ನನ್ನು ಓಡಿಸಿದ್ದರೆ ಹೆಡ್ಡು ಡೊಂಕಾಗುವ ಸಾಧ್ಯತೆ ಹೆಚ್ಚು; ಅದು ಡೊಂಕಾಗಿಲ್ಲವೆಂದು ಸಾಬೀತಾದ ಮೇಲೆ ಕಂಪನಿಯ ಆರೋಪ ಬಿದ್ದುಹೋಯಿತು. ರಿಪೇರಿಯ ಹಣ ಬಂತು. ಎಂಜಿನ್ ಬಿಚ್ಚಿದ ಕೂಲಿ, ಎಂಜಿನಿಯರರ ಶುಲ್ಕ, ಕೂಲೆಂಟು, ಆಯಿಲ್, ಬಾಡಿಗೆ ಕಾರು, ಇವೆಲ್ಲವೂ ನನ್ನ ತಲೆಯ ಮೇಲೆಯೇ ಬಿದ್ದವು.

ಎರಡನೆಯ ಸದಸ್ಯರು:
ಇದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ನನ್ನ ಟರ್ಬೊ ಕೆಟ್ಟಾಗ ಸರ್ವಿಸು 1,900 ಕಿಲೋಮೀಟರು ತಡವಾಗಿತ್ತು, ಅಷ್ಟೇ. ಅದನ್ನೇ ಹಿಡಿದು ಕ್ಲೇಮನ್ನು ನಿರಾಕರಿಸಿದರು. ಟರ್ಬೊಗೆ ಆಯಿಲ್ ಒದಗಿಸುವ ಪೈಪು ಬಿರುಕುಬಿಟ್ಟು ಬೇರಿಂಗು ಒಣಗಿತ್ತು. ತಡವಾದ ಸರ್ವಿಸಿಗೂ ಆ ಬಿರುಕಿಗೂ ಏನು ಸಂಬಂಧವೆಂದು ನಾಲ್ಕು ಪತ್ರ ಬರೆದೆ. ಆ ಪೈಪನ್ನು ತೋರಿಸಿ ಎಂದರು. ಗ್ಯಾರೇಜಿನವರು ಅದನ್ನು ಅಷ್ಟರಲ್ಲಿ ಗುಜರಿಗೆ ಹಾಕಿದ್ದರು. ಒಂದು ಕಾಸೂ ಬರಲಿಲ್ಲ.

ಮೂರನೆಯ ಸದಸ್ಯರು:
ಕೆಟ್ಟ ಬಿಡಿಭಾಗವನ್ನು ಕಾಯ್ದುಕೊಳ್ಳುವುದು ನಿಮ್ಮ ಹೊಣೆಯಾಗಿತ್ತು. ನಾನು ಆಯಿಲನ್ನು ನಾನೇ ಬದಲಿಸುತ್ತೇನೆ. ಫಿಲ್ಟರಿನ ಬಿಲ್ಲು, ಆಯಿಲ್ ಡಬ್ಬಿಯ ಮೇಲಿನ ದರ್ಜೆ, ಆ ದಿನದ ಓಡೋಮೀಟರಿನ ಫೋಟೊ, ಹೀಗೆ 11 ಸರ್ವಿಸುಗಳ ದಾಖಲೆ ನನ್ನಲ್ಲಿತ್ತು. ಗೇರ್‌ಬಾಕ್ಸಿನ ಬೇರಿಂಗು ಹೋದಾಗ, ಅಧಿಕೃತ ಗ್ಯಾರೇಜಿನಲ್ಲಿ ಸರ್ವಿಸು ಮಾಡಿಸಿಲ್ಲವೆಂದು ಕ್ಲೇಮನ್ನು ನಿರಾಕರಿಸಿದರು. ತಯಾರಕರ ವೇಳಾಪಟ್ಟಿಯಂತೆ ಸರ್ವಿಸು ಆಗಿರಬೇಕೆಂದು ಪಾಲಿಸಿಯಲ್ಲಿತ್ತೇ ಹೊರತು ಯಾರು ಮಾಡಬೇಕೆಂದು ಇರಲಿಲ್ಲ. ಷರತ್ತು ಅಸ್ಪಷ್ಟವಾಗಿದ್ದರೆ ಅದನ್ನು ಬರೆದವರಿಗೆ ವಿರುದ್ಧವಾಗಿಯೇ ಅರ್ಥೈಸಬೇಕೆಂದು ವಾದಿಸಿ ಎರಡನೆಯ ಮೇಲ್ಮನವಿಯಲ್ಲಿ ಗೆದ್ದೆ.

ಎರಡನೆಯ ಸದಸ್ಯರು:
ನನ್ನನ್ನು ಒಂದು ಮಾತೂ ಕೇಳದೆ ಗ್ಯಾರೇಜಿನವರು ಎಸೆದರೆ ಅದು ನನ್ನ ತಪ್ಪೇ? ನಷ್ಟವಾದವರಿಗೆ ಬುದ್ಧಿ ಹೇಳುವುದು ಸುಲಭ. ನಿಮ್ಮ ಪಾಲಿಸಿಯಲ್ಲಿ ‘ಅಧಿಕೃತ’ ಎಂಬ ಆ ಒಂದು ಪದ ಇದ್ದಿದ್ದರೆ ನಿಮ್ಮ 11 ಬಿಲ್ಲುಗಳೂ ನೀರುಪಾಲಾಗುತ್ತಿದ್ದವು.

ಮೊದಲ ಸದಸ್ಯರು:
ಈ ಮಾತು ನಿಜ. ಮೂರನೆಯವರೇ, ಸ್ವಂತ ಸರ್ವಿಸನ್ನು ಎಲ್ಲರಿಗೂ ಹೇಳಿಕೊಡಬೇಡಿ. ಅನೇಕ ಪಾಲಿಸಿಗಳು ಅದನ್ನು ಒಪ್ಪುವುದಿಲ್ಲ.

ಮೂರನೆಯ ಸದಸ್ಯರು:
ಪಾಲಿಸಿಯನ್ನು ಓದಿ ಎಂದೆ, ಆಯಿಲ್ ಬದಲಿಸಿ ಎನ್ನಲಿಲ್ಲ.

ಕೇಳಿದವರು:
ನನ್ನ ಚೈನು, ಅದನ್ನು ಬಿಗಿಯಾಗಿಡುವ ಟೆನ್ಷನರು ಮತ್ತು ಆಯಿಲ್ ಸಂಪಿನಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಗೈಡಿನ ಚೂರುಗಳು ಇನ್ನೂ ಗ್ಯಾರೇಜಿನಲ್ಲಿಯೇ ಇವೆ. ಅವನ್ನು ತರಲು ಈಗಲೇ ಹೊರಟಿದ್ದೇನೆ.