ಸಾಲ್ವೇಜ್ ಮಸ್ಟಾಂಗ್ ಮೇಲೆ 67ರ ಫಾಸ್ಟ್‌ಬ್ಯಾಕ್ ಬಾಡಿ ಕೂರಿಸೋ ಪ್ಲಾನ್, ಡೋನರ್ ಯಾವುದು ತಗೊಳ್ಲಿ?

ಫಾಸ್ಟ್‌ಬ್ಯಾಕ್_ಪ್ರೇಮಿ

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಕೊರೀತಿರೋ ಪ್ರಾಜೆಕ್ಟ್ ಇದು, ಇಲ್ಲಿ ಫ್ಯಾಬ್ರಿಕೇಶನ್ ಗೊತ್ತಿರೋರು ಇದ್ದೀರಿ ಅಂತ ಕೇಳ್ತಿದೀನಿ. 1967ರ ಫೋರ್ಡ್ ಮಸ್ಟಾಂಗ್ ಫಾಸ್ಟ್‌ಬ್ಯಾಕ್ (ರೂಫ್ ಹಿಂದಕ್ಕೆ ಒಂದೇ ಇಳಿಜಾರಲ್ಲಿ ಇಳಿಯೋ ಬಾಡಿ) ಅಂದ್ರೆ ನಂಗೆ ಪ್ರಾಣ. ಒಳ್ಳೆ ಸ್ಥಿತೀಲಿರೋ ಒರಿಜಿನಲ್ ತಗೊಳ್ಳೋದು ನನ್ನ ಕೈಲಾಗೋ ಮಾತಲ್ಲ, ಅಗ್ಗಕ್ಕೆ ಸಿಗೋ ಶೆಲ್‌ಗಳ (ಖಾಲಿ ಬಾಡಿಗಳ) ಫ್ಲೋರು, ಕೌಲು (ವಿಂಡ್‌ಶೀಲ್ಡ್ ಬುಡದ ಭಾಗ) ಎಲ್ಲಾ ತುಕ್ಕು ಹಿಡಿದು ಹೋಗಿರುತ್ತೆ. ಅದಕ್ಕೆ ಇನ್ಶೂರೆನ್ಸ್‌ನವ್ರು ಟೋಟಲ್ ಲಾಸ್ ಅಂತ ಬರೆದುಬಿಟ್ಟಿರೋ, ಅಂದ್ರೆ ಸಾಲ್ವೇಜ್ ಆಗಿರೋ, ಹೊಸ ಮಸ್ಟಾಂಗ್ ಜಿಟಿ ಒಂದನ್ನ ಡೋನರ್ ಆಗಿ ಹರಾಜಲ್ಲಿ ಹಿಡಿದು, ಅದರ ಫ್ಲೋರ್, ಇಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲಾ ಹಾಗೇ ಇಟ್ಕೊಂಡು ಮೇಲೆ 67ರ ಬಾಡಿ ಕೂರಿಸೋಣ ಅಂತ.

ಕಣ್ಣಿಟ್ಟಿರೋದು 2015ರ ಜಿಟಿ ಮೇಲೆ. 5.0 ಕೊಯೋಟಿ ವಿ8, 6 ಸ್ಪೀಡ್ ಮ್ಯಾನ್ಯುಯಲ್, ಹಿಂದಿನಿಂದ ಗುದ್ದಿದಾರೆ, ಇಂಜಿನ್ ಸ್ಟಾರ್ಟ್ ಆಗುತ್ತೆ. ವೀಲ್‌ಬೇಸ್ ನೋಡ್ದೆ, ಹಳೇದು 108 ಇಂಚು, ಹೊಸದು 107.1, ಒಂದಿಂಚೂ ವ್ಯತ್ಯಾಸ ಇಲ್ಲ. ಹಾಗಾಗಿ ಇದು ಹೊಂದುತ್ತೆ ಅನ್ಸ್ತಿದೆ. ಮಿಗ್ ವೆಲ್ಡಿಂಗ್ ಚೆನ್ನಾಗಿ ಬರುತ್ತೆ, ಎಂಜಿನ್ ಕೆಲಸಾನೂ ಬರುತ್ತೆ, ಪೇಂಟ್ ಮಾತ್ರ ಹೊರಗೆ ಕೊಡ್ತೀನಿ. ಬಾಡಿ ಸ್ಟೀಲ್‌ದೇ ತಗೊಳ್ಲಾ ಫೈಬರ್‌ಗ್ಲಾಸ್ ತಗೊಳ್ಲಾ? ಎಬಿಎಸ್, ಏರ್‌ಬ್ಯಾಗ್ ಎಲ್ಲಾ ಉಳಿಸ್ಕೋಬಹುದಾ? ಆಮೇಲೆ ರಿಜಿಸ್ಟ್ರೇಶನ್ ಯಾವ ವರ್ಷದ ಕಾರು ಅಂತ ಆಗುತ್ತೆ? ಗೊತ್ತಿರೋರು ಬಿಡಿಸಿ ಹೇಳಿ ಪ್ಲೀಸ್.

ಟೇಪ್_ಹಿಡಿದವ

ವೀಲ್‌ಬೇಸ್ ಒಂದನ್ನೇ ನೋಡಿ ದುಡ್ಡು ಕಟ್ಬೇಡಿ ಬ್ರೋ, ಈ ತರ ಪ್ರಾಜೆಕ್ಟ್ ಕೈಕೊಡೋದು ಉದ್ದದಲ್ಲಲ್ಲ, ಅಗಲದಲ್ಲಿ. 67ರ ಬಾಡಿ ಅಗಲ 71 ಇಂಚಿಗೆ ಕೂದಲೆಳೆ ಕಮ್ಮಿ. 2015ರ ಕಾರಲ್ಲಿ ಹಿಂದಿನ ಟ್ರ್ಯಾಕ್, ಅಂದ್ರೆ ಒಂದು ಚಕ್ರದ ನಡುವಿಂದ ಇನ್ನೊಂದರ ನಡುವಿಗೆ, ಹತ್ತಿರ ಹತ್ತಿರ 65 ಇಂಚು. ಅದಕ್ಕೆ 255ರ ಟೈರ್ ಹಾಕಿದ್ರೆ ಟೈರ್ ಅಗಲವೇ 10 ಇಂಚು, ಅಲ್ಲಿಗೆ ಹೊರ ಅಂಚಿಂದ ಹೊರ ಅಂಚಿಗೆ 75 ಆಯ್ತು. ಎರಡೂ ಕಡೆ ಎರಡೆರಡು ಇಂಚು ಟೈರ್ ಬಾಡಿಯಿಂದ ಆಚೆ ನಿಲ್ಲುತ್ತೆ. ಮುಚ್ಚೋಕೆ ಅಂತ ಫೆಂಡರ್ ಉಬ್ಬಿಸಿದ್ರೆ ಆ ಫಾಸ್ಟ್‌ಬ್ಯಾಕಿನ ಸಣ್ಣ ಸೊಂಟ ಹೋಯ್ತು, ನೋಡಿದ ತಕ್ಷಣ ಏನೋ ಸರಿ ಇಲ್ಲ ಅನ್ಸುತ್ತೆ. ಅದರಲ್ಲಿ ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್ (ಒಂದೊಂದು ಚಕ್ರಕ್ಕೂ ಬೇರೆ ಬೇರೆ) ಬೇರೆ, ಅದನ್ನ ಕಿರಿದು ಮಾಡೋದು ಅಂದ್ರೆ ಸಬ್‌ಫ್ರೇಮ್, ಆರ್ಮ್‌ಗಳು, ಹಾಫ್ ಶಾಫ್ಟ್ ಎಲ್ಲಾ ಹೊಸದಾಗಿ ಮಾಡ್ಬೇಕು.

ನನ್ನ ಕೇಳಿದ್ರೆ 2011ರಿಂದ 2014ರ ಒಳಗಿನ ಜಿಟಿ ಹುಡುಕಿ. ಅದರಲ್ಲೂ ಕೊಯೋಟಿನೇ ಇದೆ, ಮೊದಲೆರಡು ವರ್ಷ 412 ಎಚ್‌ಪಿ ಆಮೇಲೆ 420, 2015ರದ್ದು 435, ರೋಡಲ್ಲಿ ಓಡಿಸೋಕೆ ಆ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ. ವೀಲ್‌ಬೇಸ್ ಅದೇ 107.1. ಆದ್ರೆ ಬಾಡಿ ಅಗಲ 74ರ ಆಸುಪಾಸು, ಮುಖ್ಯವಾಗಿ ಹಿಂದೆ ಸಾಲಿಡ್ ಆಕ್ಸಲ್, ಅಂದ್ರೆ ಎರಡು ಚಕ್ರಕ್ಕೂ ಒಂದೇ ಗಟ್ಟಿ ದಂಡ. ಸಾಲಿಡ್ ಆಕ್ಸಲ್ ಕಿರಿದು ಮಾಡೋದು ಹಾಟ್‌ರಾಡ್ ಕಟ್ಟೋರು ಮೊದಲಿಂದ ಮಾಡ್ಕೊಂಡು ಬಂದಿರೋ ಕೆಲಸ, ಎರಡೂ ಕಡೆ ಟ್ಯೂಬ್ ಕತ್ತರಿಸಿ, ಗಿಡ್ಡ ಶಾಫ್ಟ್ ಮಾಡಿಸಿ, ಜಿಗ್ ಮೇಲೆ ನೇರ ಇಟ್ಟು ವೆಲ್ಡ್ ಮಾಡಿದ್ರೆ ಮುಗೀತು. ಮುಂದುಗಡೆ ಆಫ್‌ಸೆಟ್ ಜಾಸ್ತಿ ಇರೋ ರಿಮ್ಮು, ಸ್ವಲ್ಪ ಸಣ್ಣ ಟೈರ್ ಹಾಕಿ ಒಳಗೆ ತರಬಹುದು, ಸ್ಟ್ರಟ್‌ಗೆ (ಶಾಕ್ ಅಬ್ಸಾರ್ಬರ್ ಇರೋ ಕಂಬಕ್ಕೆ) ಟೈರ್ ಉಜ್ಜದಷ್ಟು ಜಾಗ ಬಿಟ್ಟು.

ಅದಕ್ಕೂ ಒಂದು ತೊಂದರೆ ಇದೆ, ಮುಚ್ಚಿಡಲ್ಲ. ಎತ್ತರ. 67ರ ಕಾರು ನೆಲದಿಂದ 51 ಮುಕ್ಕಾಲಿನೊಳಗೆ ಮುಗಿಯುತ್ತೆ, ಇದು ಅದಕ್ಕಿಂತ ಸುಮಾರು 4 ಇಂಚು ಎತ್ತರ. ವಿಂಡ್‌ಶೀಲ್ಡ್ ಬುಡದ ಕೌಲ್, ಮುಂದಿನ ಸ್ಟ್ರಟ್ ಟವರ್ ತಲೆ ಎರಡೂ ಹಳೇ ಬಾನೆಟ್ ಗೆರೆಗಿಂತ ಮೇಲೆ ಬರುತ್ತೆ. ಬಾಡಿನ ಫ್ಲೋರ್ ಮೇಲೆ ಇಡದೆ ಫ್ಲೋರ್ ಸುತ್ತ ಕೆಳಗೆ ಇಳಿಸಿ ಕೂರಿಸ್ಬೇಕಾಗುತ್ತೆ, ಸೀಟ್ ತಗ್ಗಿಸ್ಬೇಕು, ಸ್ಟೀರಿಂಗ್ ಕಾಲಂ ಕೋನ ಬದಲಾಗುತ್ತೆ. ತಗೊಳ್ಳೋಕೆ ಮುಂಚೆ ಗ್ಯಾರೇಜ್ ನೆಲದ ಮೇಲೆ ಎರಡೂ ಕಾರಿನ ಪಕ್ಕದ ನೋಟನ ಸೀಮೆಸುಣ್ಣದಲ್ಲಿ ಫುಲ್ ಸೈಜ್ ಬರೆದು ನೋಡಿ. ಮುಂದಿನ ಚಕ್ರದ ನಡುವಿಂದ ಬಾಗಿಲಿನ ಮುಂದಿನ ಅಂಚಿಗೆ ಎಷ್ಟು ಅನ್ನೋದನ್ನ ಅಲ್ಲೇ ಅಳೀರಿ. ಮಸಲ್ ಕಾರಿನ ಉದ್ದ ಮೂತಿ ಗಿಡ್ಡ ಬಾಲದ ಗತ್ತೆಲ್ಲಾ ಇರೋದು ಆ ಅಳತೇಲಿ. ಒಟ್ಟು ವೀಲ್‌ಬೇಸ್ ಒಂದಿಂಚು ಆಚೀಚೆ ಆದ್ರೆ ಯಾರಿಗೂ ಗೊತ್ತಾಗಲ್ಲ, ಇದು ಎರಡಿಂಚು ಕಮ್ಮಿ ಆದ್ರೆ ದೂರದಿಂದಲೇ ಗೊತ್ತಾಗುತ್ತೆ.

ಆಲಿಕಲ್ಲು

ಮೇಲಿನ ಅಣ್ಣ ಹೇಳಿದ್ದು ಪೂರ್ತಿ ಒಪ್ತೀನಿ. ನಂದು ಒಂದೇ ಮಾತು, ಹಿಂದಿನಿಂದ ಗುದ್ದಿರೋದು ಬಿಡಿ, ಆಲಿಕಲ್ಲು ಮಳೆಗೆ ಸಿಕ್ಕಿ ಸಾಲ್ವೇಜ್ ಆಗಿರೋ ಕಾರು ಹುಡುಕಿ. ಬಾನೆಟ್, ರೂಫ್, ಡಿಕ್ಕಿ ಮುಚ್ಚಳ ಎಲ್ಲಾ ಗುಳಿ ಬಿದ್ದು ಇನ್ಶೂರೆನ್ಸ್‌ನವ್ರು ಕೈಬಿಟ್ಟಿರ್ತಾರೆ, ಆದ್ರೆ ಒಳಗೆ ಒಂದು ಬೋಲ್ಟೂ ಅಲುಗಾಡಿರಲ್ಲ. ಹಾಳಾಗಿರೋ ಪ್ಯಾನೆಲ್ಲೆಲ್ಲಾ ನೀವು ಹೇಗೂ ಕಿತ್ತು ಎಸೆಯೋವೇ. ಹಿಂದಿನಿಂದ ಗುದ್ದಿದ್ರೆ ಫ್ಲೋರ್ ಕೆಳಗಿನ ರೈಲ್ ಸೊಟ್ಟ ಆಗಿರಬಹುದು, ಕಣ್ಣಿಗೆ ಕಾಣಲ್ಲ, ಅಂಥ ಫ್ಲೋರ್ ಮೇಲೆ ಹೊಸ ಬಾಡಿ ಕೂರಿಸಿದ್ರೆ ಆ ಸೊಟ್ಟ ಬಾಗಿಲ ಗ್ಯಾಪಲ್ಲಿ ಬಂದು ಕೂರುತ್ತೆ.

ಮುಳುಗಿದ ಕಾರು ಮಾತ್ರ ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ. ನೋಡೋಕೆ ಹೋದಾಗ ಕಾರ್ಪೆಟ್ ಮೇಲೆ ನೋಡಿದ್ರೆ ಸಾಲದು, ಅಂಚು ಎತ್ತಿ ಕೆಳಗಿನ ಫೋಮ್ ಬೆರಳಲ್ಲಿ ಒತ್ತಿ ನೋಡಿ, ಸೀಟ್ ರೈಲ್ ಬೋಲ್ಟ್ ತುಕ್ಕು ನೋಡಿ, ಡ್ರೈವರ್ ಕಾಲ್ಕೆಳಗಿನ ಒಂದು ಕನೆಕ್ಟರ್ ಬಿಚ್ಚಿ ಪಿನ್ ಮೇಲೆ ಟಾರ್ಚ್ ಬಿಡಿ. ಹಸಿರು ಪುಡಿ ಕಂಡ್ರೆ ವಾಪಸ್ ಹಾಕಿ ಸುಮ್ನೆ ಮನೆಗೆ ಬನ್ನಿ, ಆ ಹಾರ್ನೆಸ್ (ವೈರ್‌ಗಳ ಕಟ್ಟು) ನಿಮ್ಮನ್ನ ವರ್ಷಗಟ್ಟಲೆ ಕಾಡುತ್ತೆ.

ಕ್ಯಾನ್_ಬಸ್

ವೈರಿಂಗ್ ಬಗ್ಗೆ ನಾನು ಹೇಳ್ತೀನಿ, ನನ್ನ ಕೆಲಸವೇ ಅದು. ಈಗಿನ ಕಾರಲ್ಲಿ ಇಂಜಿನ್ ಕಂಪ್ಯೂಟರು, ಬಾಡಿ ಮಾಡ್ಯೂಲು, ಮೀಟರು, ಎಬಿಎಸ್ಸು, ಕೀಲಿಯ ಇಮ್ಮೊಬಿಲೈಸರು ಎಲ್ಲಾ ಒಂದರ ಜೊತೆ ಒಂದು ಮಾತಾಡ್ತಾನೇ ಇರ್ತವೆ. ನೋಡೋಕೆ ಚೆನ್ನಾಗಿರಲ್ಲ ಅಂತ ಹೊಸ ಮೀಟರ್ ಕಿತ್ತು ಹಳೇ ಗುಂಡು ಮೀಟರ್ ಹಾಕಿದ್ರಿ ಅಂದ್ಕೊಳ್ಳಿ, ಫೋರ್ಡಲ್ಲಿ ಕೀಲಿ ಗುರುತಿಸೋ ಸರಪಳೀಲಿ ಒಂದು ಕೊಂಡಿ ಹೋದ ಹಾಗೆ, ಗಾಡಿ ಸ್ಟಾರ್ಟೇ ಆಗದೆ ಇರಬಹುದು. ಅದಕ್ಕೆ ಹಾರ್ನೆಸ್‌ಗೆ ಕತ್ತರಿ ಹಾಕ್ಬೇಡಿ. ಪೂರ್ತಿ ಬಿಚ್ಚಿ, ಪ್ರತಿ ಕನೆಕ್ಟರ್‌ಗೂ ಟೇಪ್ ಸುತ್ತಿ ಹೆಸರು ಬರೆದು, ಫೋಟೋ ತೆಗೆದು, ಹಾಗೇ ವಾಪಸ್ ಹಾಕಿ. ಬೇಡದ ಮೀಟರನ್ನ ಡ್ಯಾಶ್ ಹಿಂದೆ ಕಣ್ಣಿಗೆ ಬೀಳದ ಕಡೆ ಜೋಡಿಸಿಡಿ, ಅದರ ಪಾಡಿಗೆ ಅದು ಕೆಲಸ ಮಾಡ್ಕೊಂಡಿರ್ಲಿ.

ತುಂಬಾ ಮುಖ್ಯ, ಬಾಡಿಗೆ ಗ್ರೈಂಡರ್ ಇಡೋಕೆ ಮುಂಚೆ ಡೋನರ್ ಕಾರನ್ನ ಇದ್ದ ಹಾಗೇ ಓಡಿಸಿ ನೋಡಿ, ಸ್ಕ್ಯಾನರ್ ಹಾಕಿ ಇರೋ ಎರರ್ ಕೋಡ್ ಎಲ್ಲಾ ಸರಿ ಮಾಡ್ಕೊಳ್ಳಿ. ಆಮೇಲೆ ಒಂದು ಕೋಡ್ ಬಂದ್ರೆ ಅದು ಕಾರಿನ ಹಳೇ ರೋಗಾನಾ ನೀವು ಬಿಚ್ಚಿ ಹಾಕಿದ್ದರಿಂದ ಬಂದಿದ್ದಾ ಅಂತ ಗೊತ್ತಿರುತ್ತೆ. ವೆಲ್ಡ್ ಮಾಡುವಾಗ ಬ್ಯಾಟರಿ ಬಿಚ್ಚಿ, ಮಾಡ್ಯೂಲ್‌ಗಳನ್ನ ಹೊರಗೆ ತೆಗೆದಿಡಿ.

ಎಬಿಎಸ್ ಖಂಡಿತ ಇಟ್ಕೊಳ್ಳಿ. ಏರ್‌ಬ್ಯಾಗ್ ಮಾತ್ರ ನನ್ನ ಅಭಿಪ್ರಾಯದಲ್ಲಿ ಬೇಡ. ಯಾವ ಸೆನ್ಸರ್ ಎಷ್ಟು ಹೊಡೆತಕ್ಕೆ, ಎಷ್ಟು ಹೊತ್ತಲ್ಲಿ ಸಿಡಿಸ್ಬೇಕು ಅಂತ ಕಂಪನಿ ಲೆಕ್ಕ ಹಾಕಿರೋದು ಆ ಕಾರಿನ ಮುಂಭಾಗ ಹೇಗೆ ಮಡಚ್ಕೊಳ್ಳುತ್ತೆ ಅನ್ನೋದರ ಮೇಲೆ. ಮೂತಿ ಬೇರೆ ಆದ್ಮೇಲೆ ಆ ಲೆಕ್ಕ ನಿಲ್ಲಲ್ಲ. ಒಳ್ಳೆ 3 ಪಾಯಿಂಟ್ ಬೆಲ್ಟ್ ಹಾಕಿ. ರೋಲ್ ಕೇಜ್ ಹಾಕಿಸ್ತೀನಿ ಅಂದ್ರೆ ತಲೆ ಹತ್ರ ಕಂಬಿ ಬಾರದ ಹಾಗೆ ನೋಡ್ಕೊಳ್ಳಿ, ಹೆಲ್ಮೆಟ್ ಇಲ್ಲದೆ ಓಡಿಸೋ ಕಾರಲ್ಲಿ ಆ ಕಂಬಿಯೇ ತಲೆ ಒಡೆಯುತ್ತೆ.

ಫಾಸ್ಟ್‌ಬ್ಯಾಕ್_ಪ್ರೇಮಿ

ಅಬ್ಬಾ, ಇಷ್ಟು ವಿವರ ನಿರೀಕ್ಷೆ ಮಾಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಅಗಲದ ಲೆಕ್ಕ ನೋಡಿದ್ಮೇಲೆ 2015ರದ್ದು ಪಕ್ಕಕ್ಕಿಟ್ಟೆ, 2011-14 ಹುಡುಕ್ತೀನಿ. ಬಾಡಿ ಮತ್ತೆ ರಿಜಿಸ್ಟ್ರೇಶನ್ ಬಗ್ಗೆ ಯಾರಾದ್ರೂ ಹೇಳ್ತೀರಾ?

ಹಳೇ_ಕಬ್ಬಿಣ

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರಾಗ್ಬೇಡಿ. ಹೊಸ ಫ್ಲೋರ್ ಮೇಲೆ ಹಳೇ ಬಾಡಿ ಕೂರಿಸೋದಕ್ಕಿಂತ ಹಳೇ ಶೆಲ್ ಒಳಗೆ ಹೊಸ ಇಂಜಿನ್ ಹಾಕೋದು ಲೇಸು. ಡೈನಾಕಾರ್ನ್ ಅನ್ನೋ ಕಂಪನಿಯವ್ರು 67ರ ಫಾಸ್ಟ್‌ಬ್ಯಾಕಿನ ಪೂರ್ತಿ ಸ್ಟೀಲ್ ಶೆಲ್ಲನ್ನ ಫೋರ್ಡ್ ಲೈಸೆನ್ಸ್ ತಗೊಂಡು ಹೊಸದಾಗೇ ಮಾಡಿ ಕೊಡ್ತಾರೆ, ತುಕ್ಕಿನ ಚಿಂತೆ ಇಲ್ಲ, ಅಳತೆ ಎಲ್ಲಾ 67ರದ್ದೇ. ಸಾಲ್ವೇಜ್ ಕಾರಿಂದ ಕೊಯೋಟಿ, ಗೇರ್‌ಬಾಕ್ಸ್, ಆಕ್ಸಲ್ ತಗೊಳ್ಳಿ, ಫೋರ್ಡ್‌ನವ್ರೇ ಕೊಯೋಟಿ ಇಂಜಿನ್‌ಗಳಿಗೆ ಅಂತ ಬೇರೆ ಕಂಪ್ಯೂಟರು ಹಾರ್ನೆಸ್ ಸೇರಿಸಿ ಕಂಟ್ರೋಲ್ ಪ್ಯಾಕ್ ಮಾರ್ತಾರೆ, ಕೀಲಿ ಮೀಟರ್ ತಲೆನೋವೆಲ್ಲಾ ಅಲ್ಲಿಗೆ ಮುಗೀತು. ಒಂದೇ ತೊಡಕು, ಕೊಯೋಟಿಗೆ ಮೇಲೆ ನಾಲ್ಕು ಕ್ಯಾಮ್, ತಲೆ ತುಂಬಾ ಅಗಲ, 67ರ ಶಾಕ್ ಟವರ್ ಮಧ್ಯೆ ಇಳಿಯಲ್ಲ. ಟವರ್ ಕತ್ತರಿಸಿ ಮಸ್ಟಾಂಗ್ 2 (70ರ ದಶಕದ ಸಣ್ಣ ಮಸ್ಟಾಂಗ್) ತರದ ಫ್ರಂಟ್ ಸಸ್ಪೆನ್ಶನ್ ಹಾಕ್ಬೇಕು. ಅದು ಕಿಟ್ಟಲ್ಲೇ ಸಿಗುತ್ತೆ.

ಫೈಬರ್‌ಗ್ಲಾಸ್ ಹಗುರ, ಬಗ್ಗಿಸಿ ಹೊಂದಿಸ್ಕೋಬಹುದು, ಆದ್ರೆ ಬಾಗಿಲ ಹಿಂಜ್, ಲಾಚ್ ಬರೋ ಕಡೆ ಒಳಗೆ ಸ್ಟೀಲ್ ಅಸ್ಥಿಪಂಜರ ಇಲ್ದೆ ಹೋದ್ರೆ ಬಾಗಿಲು ಜೋತು ಬೀಳುತ್ತೆ. ಬಾನೆಟ್, ಡಿಕ್ಕಿಗೆ ಓಕೆ. ರೂಫ್, ಕ್ವಾರ್ಟರ್‌ಗೆ (ಹಿಂದಿನ ಚಕ್ರದ ಮೇಲಿನ ಪಕ್ಕದ ಪ್ಯಾನೆಲ್‌ಗೆ) ಸ್ಟೀಲೇ.

ಟೇಪ್_ಹಿಡಿದವ

ಹಳೇ_ಕಬ್ಬಿಣ ಸರ್, ನೀವು ಹೇಳಿದ ದಾರೀಲಿ ಕಾರು ನೋಡೋಕೆ ಹೆಚ್ಚು ಸರಿಯಾಗಿ ಬರುತ್ತೆ ನಿಜ. ಆದ್ರೆ ಇವ್ರಿಗೆ ಬೇಕಾಗಿರೋದು ಹೊಸ ಕಾರಿನ ಬ್ರೇಕ್, ಎಬಿಎಸ್, ಎಸಿ, ಹಿಂದಿನ ಸೀಟ್ ಕೆಳಗೆ ಭದ್ರವಾಗಿರೋ ಪೆಟ್ರೋಲ್ ಟ್ಯಾಂಕ್ ಎಲ್ಲಾ ಕೆಲಸ ಮಾಡೋ ಗಾಡಿ. 67ರಲ್ಲಿ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ಹಿಂದಿನಿಂದ ಗುದ್ದಿದ್ರೆ ಅದು ಎಲ್ಲಿಗೆ ಬರುತ್ತೆ ಯೋಚಿಸಿ. ನಾನಂತೂ ಫ್ಲೋರ್ ಉಳಿಸ್ಕೊಳ್ಳೋದೇ ಸರಿ ಅಂತೀನಿ.

ಕತ್ತರಿಸೋ ಕ್ರಮ ಹೇಳ್ತೀನಿ. ಯೂನಿಬಾಡಿ ಕಾರಲ್ಲಿ ಬೇರೆ ಚಾಸಿ ಅಂತ ಇರಲ್ಲ, ರೂಫೂ ಪಿಲ್ಲರೂ ಸೇರಿನೇ ಬಿಗಿ ಇರೋದು. ರೂಫ್ ತೆಗೆಯೋ ಮುಂಚೆ ಚಕ್ರದ ಮೇಲೆ ಭಾರ ಇರೋ ಹಾಗೇ ಲೆವೆಲ್ ಮಾಡಿ ನಿಲ್ಲಿಸಿ, ಬಾಗಿಲ ಜಾಗದಲ್ಲಿ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಚೌಕ ಟ್ಯೂಬ್ ವೆಲ್ಡ್ ಮಾಡಿ, ಅದಾದ್ಮೇಲೆ ಕತ್ತರಿಸಿ. ಬಿ ಪಿಲ್ಲರ್ (ಬಾಗಿಲ ಹಿಂದಿನ ಕಂಬ), ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಒಳಗೆಲ್ಲಾ ತುಂಬಾ ಗಟ್ಟಿ ಸ್ಟೀಲ್ ಹಾಕಿರ್ತಾರೆ, ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತೆ. ಅಂಥ ಕಡೆ ಬಿಸಿ ಮಾಡಿದ್ರೆ ಅದರ ಬಲವೇ ಹೋಗುತ್ತೆ, ಹಾಗಾಗಿ ಸಿಲ್ ಮುಟ್ಬೇಡಿ, ಹೊಸ ಬಾಡಿ ಜೋಡಣೆ ಮಾಮೂಲಿ ಸ್ಟೀಲ್ ಇರೋ ಕಡೆ ಬರೋ ಹಾಗೆ ಪ್ಲಾನ್ ಮಾಡಿ.

ಕೂರಿಸುವಾಗ ವಿಂಡ್‌ಶೀಲ್ಡ್ ಗಾಜಿಂದ ಶುರು ಮಾಡಿ. ಶೀಟ್ ಬಗ್ಗುತ್ತೆ, ಗಾಜು ಬಗ್ಗಲ್ಲ. ಗಾಜಿಟ್ಟು ಅದರ ಸುತ್ತ ಫ್ರೇಮ್ ಟ್ಯಾಕ್ ಮಾಡಿ, ಆಮೇಲೆ ಬಾಗಿಲು, ಅದಾದ್ಮೇಲೆ ಕ್ವಾರ್ಟರ್ ಮತ್ತೆ ರೂಫ್, ಕೊನೇಲಿ ಮುಂದಿನ ಫೆಂಡರ್. ಎಲ್ಲಾ ಗ್ಯಾಪ್ ಸರಿ ಬರೋ ತನಕ ಪೂರ್ತಿ ವೆಲ್ಡ್ ಎಳೀಬೇಡಿ. ಗಟ್ಟಿತನ ನೋಡೋಕೆ ಒಂದು ಮೂಲೆ ಜಾಕ್ ಹಾಕಿ ಚಕ್ರ ನೆಲ ಬಿಡೋ ತನಕ ಎತ್ತಿ ಬಾಗಿಲು ತೆಗೆದು ಹಾಕಿ, ಲಾಚ್ ತಗುಲಿದ್ರೆ ಅಥವಾ ಮೇಲಿನ ಗ್ಯಾಪ್ ಕಿರಿದಾದ್ರೆ ಫ್ಲೋರ್ ಇನ್ನೂ ತಿರುಚ್ತಿದೆ ಅಂತ, ಬ್ರೇಸ್ ಸಾಲದು.

ಕಾಗದಪತ್ರ

ರಿಜಿಸ್ಟ್ರೇಶನ್. ಅಮೆರಿಕದಲ್ಲಿದ್ದೀರಿ ಅನ್ಕೊಂಡು ಹೇಳ್ತೀನಿ. ಮೊದಲನೇ ಮಾತು, ಎಲ್ಲಿಂದಾದ್ರೂ 67ರ ಟೈಟಲ್ಲು (ಮಾಲೀಕತ್ವದ ಪತ್ರ), ವಿನ್ (ಕಾರಿನ ಗುರುತಿನ ನಂಬರ್) ಪ್ಲೇಟು ತಂದು ಈ ಕಾರಿಗೆ ಹಚ್ಚೋ ಯೋಚನೆ ಯಾರೇ ತಲೆಗೆ ತುಂಬಿದ್ರೂ ಬೇಡ. ವಿನ್ ಕೀಳೋದು, ತಿದ್ದೋದು ಫೆಡರಲ್ ಅಪರಾಧ. ಹಳೇ ಮಸ್ಟಾಂಗ್ ಅಂತ ಮುಂದೆ ಯಾರಿಗಾದ್ರೂ ಮಾರಿದ್ರೆ ಅದು ಶುದ್ಧ ಮೋಸ. ಡೋನರ್‌ನ 17 ಅಕ್ಷರದ ವಿನ್ ಕಾರಿನ ಜೊತೇಲೇ ಇರ್ಬೇಕು.

ಕೆಲವು ಕಡೆ ರೀಬಿಲ್ಟ್ ಟೈಟಲ್ ಕೊಡ್ತಾರೆ, ಕೆಲವು ಕಡೆ ಇಷ್ಟು ಬದಲಾಯಿಸಿದ್ರೆ ಸ್ಪೆಶಲಿ ಕನ್‌ಸ್ಟ್ರಕ್ಟೆಡ್ ಅನ್ನೋ ವರ್ಗಕ್ಕೆ ಹಾಕ್ತಾರೆ, ಅದು ನಿಮ್ಮ ಸ್ಟೇಟ್ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 100 ಅನ್ನೋ ಕಾನೂನಿನ ಕೆಳಗೆ ಇಂಥ ಕಾರಿಗೆ ವರ್ಷಕ್ಕೆ 500 ಸರ್ಟಿಫಿಕೇಟ್ ಮಾತ್ರ, ಎಮಿಶನ್ (ಹೊಗೆ ತಪಾಸಣೆ) ವಿಷ್ಯದಲ್ಲಿ ಅದರಿಂದ ದೊಡ್ಡ ಅನುಕೂಲ. ಬೇರೆ ಸ್ಟೇಟಲ್ಲಿ ಡೋನರ್ ವರ್ಷದ ಎಮಿಶನ್ ಕೇಳಿದ್ರೆ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್ ಎಲ್ಲಾ ಇರ್ಲೇಬೇಕು, ಎಕ್ಸಾಸ್ಟ್ ಮಾಡಿಸುವಾಗ್ಲೇ ಜಾಗ ಬಿಡಿ. ಪ್ರತಿ ಪಾರ್ಟಿನ ರಸೀದಿ ಎತ್ತಿಡಿ, ಇಂಜಿನ್ ಬೇರೆ ಡೋನರಿಂದ ತಂದ್ರೆ ಆ ಕಾರಿನ ವಿನ್ ಕೂಡ ರಸೀದೀಲಿ ಬರೆಸ್ಕೊಳ್ಳಿ, ಇನ್‌ಸ್ಪೆಕ್ಷನ್‌ನಲ್ಲಿ ಕದ್ದ ಮಾಲಾ ಅಂತಾನೇ ಮೊದಲು ನೋಡೋದು. ಇನ್ಶೂರೆನ್ಸ್‌ನವ್ರ ಹತ್ರ ಅಗ್ರೀಡ್ ವ್ಯಾಲ್ಯೂ (ಕಾರಿನ ಬೆಲೆ ಮೊದಲೇ ಒಪ್ಪಿ ಬರೆಯೋ) ಪಾಲಿಸಿ ಕೊಡ್ತೀರಾ ಅಂತ ಕಾರು ತಗೊಳ್ಳೋಕೆ ಮುಂಚೆನೇ ಕೇಳಿ, ಕಾರು ಕಟ್ಟಿ ಮುಗಿದ್ಮೇಲೆ ಅಲ್ಲ.

ಫಾಸ್ಟ್‌ಬ್ಯಾಕ್_ಪ್ರೇಮಿ

ತುಂಬಾ ತುಂಬಾ ಥ್ಯಾಂಕ್ಸ್. ಹಳೇ_ಕಬ್ಬಿಣ ಸರ್, ನಿಮ್ಮ ದಾರಿ ನಂಗೂ ಆಸೆ ಹುಟ್ಟಿಸ್ತು, ಆದ್ರೆ ಈ ಕಾರಲ್ಲಿ ಮನೆಯವ್ರನ್ನ ಕೂರಿಸ್ಕೊಂಡು ಓಡಾಡ್ಬೇಕು, ಹೊಸ ಫ್ಲೋರೇ ಇರ್ಲಿ ಅಂತ ತೀರ್ಮಾನ. ಮೊದಲು ಸ್ಟೇಟ್ ಆಫೀಸಿಗೆ ಹೋಗಿ ಯಾವ ವರ್ಗ ಅಂತ ಕೇಳ್ಕೊಂಡು ಬರ್ತೀನಿ, ಆಮೇಲೆ ಆಲಿಕಲ್ಲಿಗೆ ಸಿಕ್ಕಿರೋ 2011-14 ಮ್ಯಾನ್ಯುಯಲ್ ಹುಡುಕೋದು. ಒಂದು ಪ್ರಶ್ನೆ ಉಳೀತು, ಎಲೆಕ್ಟ್ರಿಕ್ ಸ್ಟೀರಿಂಗ್ ಇರೋ ಕಾರಲ್ಲಿ ಕಾಲಂ ಕೋನ ಬದಲಾಯಿಸಿದ್ರೆ ಏನಾದ್ರೂ ತೊಂದರೆ ಆಗುತ್ತಾ?

ಕ್ಯಾನ್_ಬಸ್

ಆ ವರ್ಷದವುಗಳಲ್ಲಿ ಸ್ಟೀರಿಂಗ್ ಮೋಟಾರ್ ಕೆಳಗೆ ರ್‍ಯಾಕ್ ಮೇಲೇ ಇದೆ, ಹಾಗಾಗಿ ಕಾಲಂ ತಗ್ಗಿಸೋಕೆ ಅದು ಅಡ್ಡ ಬರಲ್ಲ. ಮಧ್ಯದ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಕೋನ ಜಾಸ್ತಿ ಆಗದ ಹಾಗೆ ನೋಡ್ಕೊಳ್ಳಿ, ಎರಡು ಜಾಯಿಂಟೂ ಒಂದೇ ಹಂತದಲ್ಲಿ ಇರ್ಬೇಕು, ಇಲ್ಲಾಂದ್ರೆ ತಿರುಗಿಸುವಾಗ ಒಂದ್ಸಲ ಹಗುರ ಒಂದ್ಸಲ ಭಾರ ಅನ್ಸುತ್ತೆ. ಎಲ್ಲಾ ಮುಗಿದು ಅಲೈನ್‌ಮೆಂಟ್ ಆದ್ಮೇಲೆ ಸ್ಟೀರಿಂಗ್ ಕೋನದ ಸೆನ್ಸರ್ ಸ್ಕ್ಯಾನರಲ್ಲಿ ಚೆಕ್ ಮಾಡಿ, ಚಕ್ರ ನೇರ ಇದ್ದಾಗ ಸೊನ್ನೆ ತೋರಿಸ್ಬೇಕು, ಅದು ತಪ್ಪಾಗಿದ್ರೆ ಸ್ಟೆಬಿಲಿಟಿ ಕಂಟ್ರೋಲ್ ನೇರ ರೋಡಲ್ಲೇ ಬ್ರೇಕ್ ಹಾಕೋಕೆ ಬರುತ್ತೆ. ಕಾರು ಸಿಕ್ಕಿದ್ಮೇಲೆ ಹಾರ್ನೆಸ್ ಫೋಟೋ ಹಾಕಿ, ಯಾವುದು ಎಲ್ಲಿಗೆ ಅಂತ ಹೇಳ್ತೀನಿ.